ಹುಡುಗ ಕೊಂಡ್ಯಾಗ ಅದಾನ

“ಹುಡುಗ ಕೊಂಡ್ಯಾಗ ಅದಾನ್ರಿ,” ಎಂದು ಮದುವೆ ಮಧ್ಯಸ್ಥರು ಹೇಳಿದ ಕೂಡಲೇ ನಮ್ಮ ಆಯಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅದಕ್ಕೆ ಮೊದಲು ಬಂದ ವರಗಳ ಸುದ್ದಿಯನ್ನೆಲ್ಲ ಅವಳು ಸುಣ್ಣ ಹಚ್ಚುತ್ತಲೇ ಕೇಳಿ, ಅಡಿಕೆ ಕಡಿಯುತ್ತಲೇ ಬೇಡವೆಂದು, ಎಲೆ ಬಾಯಿಗೆ ಹೋಗುವಷ್ಟರಲ್ಲಿ ಮಾತು ಮುಗಿಸಿಬಿಡುತ್ತಿದ್ದಳು. ಅವಳ ಕೈ ನಿಂತದ್ದನ್ನು ಅಡುಗೆಮನೆಯ ಬಾಗಿಲ ಮರೆಯಿಂದ ನಾನು ನೋಡಿದ್ದು ಅವತ್ತೇ ಮೊದಲು.

“ಕೊಂಡ್ಯಾಗ? ಗಂಡಸಮಗ ಆಗಿ?”

“ಹೌದ್ರಿ. ಬಾಗಲಕೋಟಿ ವಿದ್ಯಾಗಿರಿಯೊಳಗ ಆಫೀಸ ಐತಿ. ಇಡೀ ಜಿಲ್ಲಾದ ಕೊಂಡಿ ಎಲ್ಲಾ ಇವನ ನೋಡ್ಕೊಳ್ಳೂದು. ಕೈಕೆಳಗ ಮಂದಿ ಅದಾರ.”

ಆಯಿ ಎಲೆ ಮಡಚಿದಳು. “ಭಾಳ ಚಲೋ ಆತು. ಕರಕೊಂಡ ಬರ್ರಿ.”

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಇಳಕಲ್ಲಿನ ನೇಕಾರರ ಮನೆ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು. ಸೆರಗಿಗೆ ಕೆಂಪು ರೇಷ್ಮೆಯ ಬೇರೊಂದು ಹಾಸು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ, ಅಗಲಕ್ಕೂ ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಅದೇ ಕೊಂಡಿ. ಗಂಡಸರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ, ಕೊಂಡಿಗೆ ಮಾತ್ರ ಹೆಂಗಸರ ಬೆರಳೇ ಬೇಕು ಎನ್ನುವುದು ನಮ್ಮ ಓಣಿಯ ನಂಬಿಕೆ. ನಮ್ಮ ಮನೆಯಲ್ಲಂತೂ ಮಗಳ ಮದುವೆ ಸೀರೆ ಮನೆಯ ಮಗ್ಗದ ಮೇಲೇ ಆಗಬೇಕು, ಅದರ ಕೊಂಡಿಯನ್ನು ಆಯಿಯೇ ಹಾಕಬೇಕು. ಅತ್ತೆಯರ ಸೀರೆಗಳೆಲ್ಲ ಹಾಗೇ ಆದವು. ನನ್ನ ಸೀರೆಯ ಸರದಿ ಬಾರದೇ ಇದ್ದದ್ದು ಆಯಿಯಿಂದಲೇ.

ಒಬ್ಬ ವರ ಚಪ್ಪಲಿ ಎಳೆದುಕೊಂಡು ನಡೆಯುತ್ತಾನೆಂದು ಬೇಡವಾದ. ಇನ್ನೊಬ್ಬನ ಮನೆಯ ನಾಯಿ ಬಹಳ ಬೊಗಳಿತಂತೆ. ಮುಧೋಳದ ಕಡೆಯ ಒಬ್ಬ ಹುಡುಗ ನನಗೆ ಅರೆಮನಸ್ಸಿನಿಂದಲಾದರೂ ಒಪ್ಪಿಗೆಯಾಗಿದ್ದ. ಅವನು ಉಪ್ಪಿಟ್ಟಿನ ಕರಿಬೇವನ್ನು ತಟ್ಟೆಯ ಅಂಚಿಗೆ ಇಟ್ಟ ರೀತಿ ಸರಿಯಿಲ್ಲ ಎಂದಳು ಆಯಿ. ಅವತ್ತು ನಾನು ಮನೆ ಕಿತ್ತುಹೋಗುವ ಹಾಗೆ ಜಗಳ ಮಾಡಿದೆ. ನಾನು ಹುನಗುಂದದ ಸಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ ಸಿಟ್ಟಿಗೆ ಏಳನೆಯ ಇಯತ್ತೆಯ ಗೋಡೆಗಳೂ ಹೆದರುತ್ತವೆ. ಆಯಿ ಹೆದರಲಿಲ್ಲ. ಅಪ್ಪ ಅವಳ ಮಾತು ಮೀರುವವನೇ ಅಲ್ಲ. ಆಯಿ ಹೂಂ ಅಂದರೆ ಮದುವೆ, ಊಹೂಂ ಅಂದರೆ ಮತ್ತೆ ಇನ್ನೊಬ್ಬರಿಗೆ ಉಪ್ಪಿಟ್ಟು, ಅಷ್ಟೇ ನನ್ನ ಹಣೆಬರಹ.

ಹುಡುಗ ಬಂದ. ತುಳಸಿಗೇರಿ ಹತ್ತಿರದ ಒಕ್ಕಲುತನದ ಮನೆಯವನು, ಎತ್ತರದ ಆಳು, ನಮ್ಮ ಬಾಗಿಲಿಗೆ ತಲೆ ಬಡಿದುಕೊಂಡೇ ಒಳಗೆ ಕಾಲಿಟ್ಟ. ಉಪ್ಪಿಟ್ಟು ತಿಂದ, ಕರಿಬೇವನ್ನೂ ತಿಂದ. ಆಯಿ ತಟ್ಟೆಯನ್ನು ಬಗ್ಗಿ ನೋಡಿದಳು. ಇಬ್ಬರೂ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಮಾಳಿಗೆಗೆ ಕಳಿಸಿದರು. ಒಣಹಾಕಿದ ಮೆಣಸಿನಕಾಯಿಯ ಪಕ್ಕ ನಿಂತು ಇಬ್ಬರೂ ಸ್ವಲ್ಪ ಹೊತ್ತು ಕೆಮ್ಮಿದೆವು. ಆಮೇಲೆ ನಾನೇ ಬಾಯಿ ಬಿಟ್ಟೆ.

“ನಿಮ್ಮ ಕಂಪನಿದು ಬೋರ್ಡ ದಿನಾ ಬಸ್ಸಿನಾಗಿಂದ ನೋಡ್ತೇನ್ರಿ. ಕೊಂಡಿ ಅಂದ್ರ ಏನದು? ಫೋನೋ, ಟಿವಿನೋ?”

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. “ಬ್ಯಾರೆ ಏನರ ಕೇಳ್ರಿ,” ಎಂದ. “ಅದನ್ನೊಂದು ಬಿಟ್ಟು.”

ನನಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ, ಬಿಕ್ಕಳಿಕೆಯಾಯಿತು, ಅವನಿಗೂ ಅಂಟಿತು. ಕೆಳಗಿನಿಂದ ಅವ್ವ ಎರಡು ಸಲ ಗಂಟಲು ಸರಿಮಾಡಿಕೊಂಡಳು. ಮೆಟ್ಟಿಲಿಳಿಯುವಾಗಲೇ ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು: ಮಾಡಿಕೊಂಡರೆ ಇವನನ್ನೇ. ಇಷ್ಟು ನೇರವಾಗಿ ಬರೆಯಲು ನನಗೇನೂ ನಾಚಿಕೆಯಿಲ್ಲ, ಅವತ್ತು ರಾತ್ರಿ ರೊಟ್ಟಿ ಬಡಿಯುತ್ತ ಒಬ್ಬಳೇ ನಕ್ಕದ್ದಕ್ಕೆ ಅವ್ವನೇ ಸಾಕ್ಷಿ.

ಆ ಕಂಪನಿಯ ದೊಡ್ಡವರು ಎಲ್ಲಿ ಕೂತು ಯೋಚಿಸುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಸೀಮೆಗೆ ಒಂದು ಕನ್ನಡ ಹೆಸರು ಬೇಕೆಂದು ಯಾರೋ ಪದಕೋಶ ತೆಗೆದಿರಬೇಕು, ಕೊಂಡಿ ಸಿಕ್ಕಿರಬೇಕು. ಸಿಕ್ಕ ಮೇಲೆ ಕೈಗೆ ಬಂದದ್ದಕ್ಕೆಲ್ಲ ಅದನ್ನೇ ಇಡುತ್ತ ಹೋದರು. ಫೋನೂ ಕೊಂಡಿ, ಟಿವಿಗೆ ಹಚ್ಚುವ ಡಬ್ಬಿಯೂ ಕೊಂಡಿ, ಕೈಗಡಿಯಾರವೂ ಕೊಂಡಿ. ಫೋನಿನೊಳಗೆ ಕೇಳಿದ್ದಕ್ಕೆ ಉತ್ತರ ಕೊಡುವ ಒಂದು ಹೆಣ್ಣುದನಿ ಇತ್ತು, ಅದೂ ಕೊಂಡಿ. ದಿನ ಬೆಳಗಾದರೆ ಜನರ ಫೋನಿಗೆ ಸಂದೇಶ. ಒಂದನ್ನು ನಾನು ಬರೆದಿಟ್ಟುಕೊಂಡಿದ್ದೆ: “ಪ್ರಿಯ ಗ್ರಾಹಕರೇ, ನಿಮ್ಮ ಕೊಂಡಿಯು ಇಂದಿನಿಂದ ಕೊಂಡಿ ಪ್ಲಸ್ ಆಗಿರುತ್ತದೆ. ಈ ಹಿಂದಿನ ಕೊಂಡಿ ಪ್ಲಸ್ ಇನ್ನು ಮುಂದೆ ಕೊಂಡಿ ಎಂದು ಕರೆಯಲ್ಪಡುತ್ತದೆ. ಹೆಚ್ಚಿನ ಮಾಹಿತಿಗೆ ನಿಮ್ಮ ಕೊಂಡಿಯಲ್ಲಿ ಕೊಂಡಿಯನ್ನು ತೆರೆದು ಈ ಕೊಂಡಿಯನ್ನು ಒತ್ತಿ.” ಕೊನೆಯ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಕರ್ತೃ ಯಾವುದು, ಕರ್ಮ ಯಾವುದು ಎಂದು ಮಕ್ಕಳನ್ನು ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಕರ್ತೃ ಕೊಂಡಿ, ಕರ್ಮ ನಮ್ದು ಟೀಚರ್,” ಎಂದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಮಾತುಕತೆ ಇನ್ನೂ ಗಟ್ಟಿಯಾಗಿರಲಿಲ್ಲ, ಆದರೂ ಸಂಜೆಗೊಮ್ಮೆ ಅವನು ಫೋನ್ ಮಾಡುತ್ತಿದ್ದ. ಅವನ ಗೋಳು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗಬೇಕು. ರಾಮಥಾಳದ ಕಡೆ ಹನಿ ನೀರಾವರಿ ಪೈಪು ಹಾಕಿಸಿಕೊಂಡ ರೈತರು ಇವನ ಗಾಡಿಯನ್ನು ನಿಲ್ಲಿಸಿ, ಪೈಪಿಗೆ ಪೈಪು ಸೇರಿಸುವ ಕೊಂಡಿ ಎಷ್ಟಕ್ಕೊಂದು ಎಂದು ಕೇಳಿದರು. ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಕಂಪನಿಯವರು “ಕೊಂಡಿ, ಈಗ ನಿಮ್ಮ ಕಿಸೆಯಲ್ಲಿ” ಎಂದು ಮನೆಯಷ್ಟು ದೊಡ್ಡ ಬೋರ್ಡು ಹಾಕಿಸಿದರು. ಚೇಳಿನ ಬಾಲದ ಮುಳ್ಳಿಗೂ ಕೊಂಡಿ ಎನ್ನುತ್ತಾರೆಂದು ಅವರಿಗೆ ಯಾರು ಹೇಳಬೇಕು. ಅದರ ಕೆಳಗೆ ಕೂತ ಹಿರಿಯರೊಬ್ಬರು, “ಅಲ್ಲೋ ತಮ್ಮಾ, ಕೊಂಡಿ ಕಿಸೇದಾಗ ಇಟ್ಕೊಂಡು ನಾವು ಕೈ ಎಲ್ಲಿ ಇಡೂನು?” ಎಂದು ಇವನನ್ನೇ ಕೇಳಿದರಂತೆ. ಆ ಬೋರ್ಡಿನ ಅರ್ಧವನ್ನು ಬಾದಾಮಿಯ ಮಂಗಗಳು ಹರಿದು, ಕೊನೆಗೆ “ಕೊಂಡಿ, ಈಗ ನಿಮ್ಮ” ಎನ್ನುವಷ್ಟು ಉಳಿಯಿತು. ಇವನು ತಾಳಲಾರದೆ ಮೇಲಿನವರಿಗೆ ಬರೆದ: ಜನ ಕೊಂಡಿ ಅಂದರೇನು ಎಂದು ಕೇಳುತ್ತಾರೆ, ಏನು ಹೇಳಲಿ? ಕೊಂಡಿ ಒಂದು ವಸ್ತುವಲ್ಲ, ಒಂದು ಅನುಭವ ಎಂದು ಉತ್ತರ ಬಂತು. ಹಾಗಾದರೆ ಅಂಗಡಿಗೆ ಬಂದವರಿಗೆ ಏನು ತೋರಿಸಲಿ ಎಂದು ಮತ್ತೆ ಬರೆದ. ಅದಕ್ಕೆ ಈವರೆಗೂ ಉತ್ತರವಿಲ್ಲ.

ಇಷ್ಟೆಲ್ಲ ನಗುತ್ತಿದ್ದ ನನಗೆ ನನ್ನ ಮನೆಯಲ್ಲೇ ಏನು ನಡೆದಿದೆ ಎಂಬುದು ಗೊತ್ತಾಗಲು ಹೊತ್ತು ಹಿಡಿಯಿತು. ಒಂದು ದಿನ ಸಾಲೆಯಿಂದ ಬರುತ್ತಿದ್ದರೆ ಪಕ್ಕದ ಮನೆಯ ಕಾಕು ತಡೆದು, “ಏನವಾ, ನಿನ್ನ ವರಗ ಕೊಂಡಿ ಹಾಕಾಕ ಬರ್ತದಂತ? ನಮ್ಮವರಿಗೆ ಅಂಗಿ ಗುಂಡಿ ಹಾಕಾಕ ಬರಂಗಿಲ್ಲ,” ಎಂದಳು. ಓಡಿಬಂದು ಆಯಿಯ ಮುಂದೆ ಕೂತೆ.

“ಆಯಿ, ಅದು ನಮ್ಮ ಕೊಂಡಿ ಅಲ್ಲ. ಫೋನ್ ಮಾರೂ ಕಂಪನಿ ಅದು. ಹೆಸರಷ್ಟ ಕೊಂಡಿ.”

“ಫೋನಿಗೆ ಯಾರರ ಕೊಂಡಿ ಅಂತ ಹೆಸರಿಡ್ತಾರೇನ? ಸಾಲಿ ಕಲಿಸಿ ಕಲಿಸಿ ನಿನಗ ಹುಚ್ಚ ಹಿಡದೈತಿ.”

ನಾನು ಬಿಡುವವಳಲ್ಲ, ಟಿವಿ ಹಚ್ಚಿ ಜಾಹೀರಾತು ಬರಲಿ ಎಂದು ಅವಳನ್ನು ಎದುರಿಗೆ ಕೂರಿಸಿದೆ. ಜಾಹೀರಾತೂ ಬಂತು. ನನ್ನ ಗ್ರಹಚಾರಕ್ಕೆ ಕಂಪನಿ ಆ ವಾರವೇ ತನ್ನ ಮಾತು ಬದಲಿಸಿತ್ತು. ಒಂದು ಮಗ್ಗ ಕಾಣಿಸಿತು. ಎಳೆ ಹಿಡಿದ ಬೆರಳುಗಳು ಕಾಣಿಸಿದವು. ಕೊಳಲಿನ ದನಿಯ ಮೇಲೆ ಒಬ್ಬರು ಗಂಭೀರವಾಗಿ, “ಕೊಂಡಿ ಬರೀ ಫೋನ್ ಅಲ್ಲ. ಕೊಂಡಿ ನಮ್ಮ ಕೈಗಳ ಪರಂಪರೆ,” ಎಂದರು. ಆಯಿ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ. ಅವಳು ಎಲೆಯ ಡಬ್ಬಿ ಹತ್ತಿರ ಎಳೆದುಕೊಂಡಳು.

ಸಂಜೆ ಹುಡುಗನಿಗೆ ಹೇಳಿದೆ, ನಿಮ್ಮ ಕಂಪನಿಯ ಕೊಂಡಿ ಏನೆಂದು ನೀವೇ ಬಂದು ಆಯಿಗೆ ತಿಳಿಸಿ ಹೇಳಬೇಕು ಎಂದು. ಸೀರೆಯ ಕೊಂಡಿಯ ಗೊಂದಲ ಹೇಳಿದರೆ ಮಾತೇ ಮುರಿದೀತೆಂದು ಹೆದರಿ ಅದನ್ನು ಮಾತ್ರ ಬಾಯಿ ಬಿಡಲಿಲ್ಲ. “ಹೇಳ್ತೇನ್ರಿ,” ಎಂದ ಪಾಪ. “ಆದ್ರ ಏನಂತ ಹೇಳ್ಲಿ?” ನಗುವುದಕ್ಕೂ ಆಗದೆ ಅಳುವುದಕ್ಕೂ ಆಗದೆ ಫೋನ್ ಇಟ್ಟೆ.

ಆ ಐತವಾರ ನಾನು ತಲೆಗೆ ಎರೆದುಕೊಂಡು ಹೊರಗೆ ಬಂದರೆ ಮಗ್ಗದ ಮನೆಯಲ್ಲಿ ಸಡಗರ. ನವಿಲು ಬಣ್ಣದ ಒಡಲು ಮಗ್ಗದ ಮೇಲೆ ನೇಯ್ದು ಸೆರಗಿನವರೆಗೆ ಬಂದು ನಿಂತಿದೆ. ಅಪ್ಪ ಅದು ಗಿರಾಕಿಯದೆಂದು ನನಗೆ ಸುಳ್ಳು ಹೇಳಿದ್ದ. ಆಯಿ ಟ್ರಂಕು ತೆರೆದು ಸೆರಗಿನ ಕೆಂಪು ರೇಷ್ಮೆ ಹೊರಗೆ ತೆಗೆದಿದ್ದಳು. ಎಷ್ಟೋ ವರ್ಷಗಳಿಂದ ನನ್ನ ಹೆಸರಿನಲ್ಲಿ ಇಟ್ಟ ರೇಷ್ಮೆ ಅದು, ಯಾವ ವರ ಬಂದಾಗಲೂ ಹೊರಗೆ ಬಂದಿರಲಿಲ್ಲ. ನನ್ನ ಕಣ್ಣು ತುಂಬಿತು.

“ಯಾರು ಬರ್ತಾರ ಇವತ್ತ?” ಎಂದೆ.

“ಯಾರ ಬರ್ತಾರ, ನಿನ್ನ ವರ. ನಾನ ಫೋನ್ ಮಾಡಿದ್ದೆ, ಐತವಾರ ಬಂದು ಕೊಂಡಿ ಹಾಕಿ ಕೊಟ್ಟು ಹೋಗಪಾ ಅಂತ. ಹೂಂ ಅಂದ. ತಂತಿನೂ ನಾನ ತರ್ತೇನಿ ಅಂದ. ತಂತಿ ಯಾಕೋ, ಎಳಿ ನಮ್ಮನ್ಯಾಗ ಅದಾವು ಅಂದೆ.”

ನಾನು ಫೋನಿಗೆ ಕೈ ಹಾಕುವಷ್ಟರಲ್ಲಿ ಬಾಗಿಲಿಗೆ ತಲೆ ಬಡಿದ ಸದ್ದಾಯಿತು. ಅವನು ಕಂಕುಳಲ್ಲಿ ಟಿವಿ ಡಬ್ಬಿ, ಹೆಗಲಿಗೆ ಸುತ್ತಿದ ತಂತಿ, ಮುಖದ ತುಂಬ ನಗು ಹೊತ್ತು ನಿಂತಿದ್ದ.

“ಎಲ್ಲಿ ಹಾಕೂದ್ರಿ ಆಯಿ?”

“ಮಗ್ಗದ ಮ್ಯಾಲ, ಮತ್ತೆಲ್ಲಿ?”

“ಟಿವಿ ಪಡಸಾಲಿಯೊಳಗ ಐತಲ್ರಿ?”

“ಯಾಕ, ಟಿವಿ ನೋಡ್ಕೊಂತ ಹಾಕೂ ರೂಢಿ ಐತೇನ ನಿನಗ? ಬ್ಯಾಡಪಾ, ಲಕ್ಷ್ಯ ಹೋಗ್ತದ. ಕುಂದ್ರು.”

ಕೂತ. ನಾನು ಹಿಂದಿನಿಂದ ಕೈ ಬೀಸಿದೆ, ಕಣ್ಣು ಅಗಲಿಸಿದೆ, ಅವನು ನನಗೂ ಒಮ್ಮೆ ನಕ್ಕ. ಆಯಿ ಅವನ ಮುಂದೆ ಬಟ್ಟಲಲ್ಲಿ ಬೂದಿ ಇಟ್ಟಳು. ರೇಷ್ಮೆ ಜಾರದಿರಲಿ ಎಂದು ಬೆರಳಿಗೆ ಹಚ್ಚಿಕೊಳ್ಳುವ ಬೂದಿ. ಬಸವಣ್ಣನವರ ಭಕ್ತರ ಮನೆಯ ಮಗ, ಅವನಿಗೇನು ತಿಳಿಯಬೇಕು. ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, ಹಣೆಯ ತುಂಬ ವಿಭೂತಿಯ ಹಾಗೆ ಎಳೆದುಕೊಂಡು, ಬಗ್ಗಿ ಆಯಿಯ ಪಾದ ಮುಟ್ಟಿದ. ಅಪ್ಪ ಗೋಡೆಯ ಕಡೆ ತಿರುಗಿದ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡರೂ ಹೊರಗೆ ಬಂದೇ ಬಂತು.

ಆಮೇಲೆ ಆಯಿಯ ಮುಖ ನೋಡಿದೆ. ನನ್ನ ನಗು ಅಲ್ಲೇ ಸತ್ತಿತು. ಅವಳು ಅವನ ಹಣೆಯನ್ನು, ಡಬ್ಬಿಯನ್ನು, ತಂತಿಯನ್ನು ಒಂದೊಂದಾಗಿ ನೋಡುತ್ತಿದ್ದಳು. ಎಲ್ಲ ಅರ್ಥವಾದ ಮುಖ ಅದು. ರೇಷ್ಮೆಯನ್ನು ತೊಡೆಯ ಮೇಲೆ ಎಳೆದುಕೊಂಡು ನಿಧಾನವಾಗಿ ಸುತ್ತತೊಡಗಿದಳು.

“ಟ್ರಂಕ್ ತಗೀಯವಾ,” ಎಂದಳು ನನಗೆ.

ನಾನು ಅಲ್ಲಾಡಲಿಲ್ಲ. ಆ ರೇಷ್ಮೆ ಟ್ರಂಕಿಗೆ ಹೋದರೆ ಇವನೂ ಹೋದ, ಇನ್ನೊಬ್ಬ ಬಂದ, ಮತ್ತೆ ಉಪ್ಪಿಟ್ಟು. ನನಗೆ ಉಪ್ಪಿಟ್ಟು ಮಾಡುವ ಶಕ್ತಿ ಉಳಿದಿರಲಿಲ್ಲ.

ಹುಡುಗನಿಗೂ ಆಗ ತಿಳಿಯಿತು. ಹಣೆಯ ಬೂದಿ ಒರೆಸಿಕೊಳ್ಳದೇ ಹೇಳಿದ. “ಆಯಿ, ಖರೆ ಹೇಳ್ತೇನ್ರಿ. ನನಗ ಈ ಕೊಂಡಿ ಹಾಕಾಕ ಬರಂಗಿಲ್ಲ. ಮತ್ತ ನಮ್ಮ ಕಂಪನಿ ಕೊಂಡಿ ಅಂದ್ರ ಏನಂತ ಅದೂ ನನಗ ಗೊತ್ತಿಲ್ಲ. ಗೊತ್ತಿದ್ದವರ್ಹಂಗ ಮಾತಾಡಿ ಮಾತಾಡಿ ಬ್ಯಾಸರಾಗೈತಿ. ಮಂದಿ ಮುಂದ ಗೊತ್ತಿಲ್ಲ ಅನ್ನಾಕ ನಾಚಿಕಿ.”

ಆಯಿಯ ಕೈ ನಿಂತಿತು.

“ನಾಚಿಕಿ,” ಎಂದಳು ಆಯಿ. ಸ್ವಲ್ಪ ಹೊತ್ತು ರೇಷ್ಮೆಯನ್ನು ಬೆರಳಲ್ಲಿ ತಿಕ್ಕಿದಳು. “ನನಗ ಎಳಿ ಕಾಣಂಗಿಲ್ಲೋ ತಮ್ಮಾ. ಮೂರ್ನಾಕು ವರ್ಷ ಆತು.”

“ಯವ್ವಾ,” ಎಂದ ಅಪ್ಪ.

“ಲಗ್ನ ಅಂದ್ರ ಸೀರಿ, ಸೀರಿ ಅಂದ್ರ ಕೊಂಡಿ. ನಾ ಮಗ್ಗದ ಮುಂದ ಕುಂತ್ರ ಓಣಿಗೆಲ್ಲ ಗೊತ್ತಾಗ್ತಿತ್ತು. ಅದಕ್ಕ ಬಂದ ಒಬ್ಬೊಬ್ಬ ವರದ್ದೂ ಒಂದೊಂದು ತಪ್ಪ ತಗದೆ. ಇವಂಗ ಕೊಂಡಿ ಬರ್ತದ ಅಂದ್ರಲ್ಲ, ಇವನ ಹಾಕ್ಲಿ, ನನ್ನ ಮರ್ಯಾದಿ ಉಳೀತದ ಅನ್ಕೊಂಡೆ.” ನನ್ನ ಕಡೆ ನೋಡದೆ, “ಮುಧೋಳದ ಹುಡುಗ ಕರಿಬೇವ ಎಲ್ಲಿಟ್ಟಿದ್ನೋ ಅದೂ ನನಗ ಕಂಡಿಲ್ಲವ್ವಾ,” ಎಂದಳು.

ನನಗೆ ಅವಳ ಮೇಲೆ ಅಷ್ಟು ವರ್ಷದ ಸಿಟ್ಟಿತ್ತು. ಅದು ಎಲ್ಲಿ ಹೋಯಿತೋ. ಹೋಗಿ ಅವಳ ಕೊರಳಿಗೆ ಜೋತುಬಿದ್ದು ಅತ್ತುಬಿಟ್ಟೆ, ಅಳುತ್ತಲೇ ಕರಿಬೇವು ನೆನಪಾಗಿ ನಕ್ಕೆ. “ಸರಿ ಅತ್ಲಾಗ, ರೇಷ್ಮಿ ಹಾಳಾಗ್ತದ,” ಎಂದು ಅವಳು ನನ್ನನ್ನು ತಳ್ಳಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಮಗ್ಗದ ಮೇಲೆ ಬೆಳ್ಳನೆಯ ಬೆಳಕು ಬಿತ್ತು. ಹುಡುಗ ತನ್ನ ಫೋನಿನ ದೀಪ ಹಚ್ಚಿ, ಎಳೆಗಳ ಮೇಲೆ ಬಗ್ಗಿ ಹಿಡಿದಿದ್ದ. “ಈಗ ನೋಡ್ರಿ ಆಯಿ, ಏನರ ಕಾಣ್ತದೇನು?”

ಆಯಿ ಬಗ್ಗಿದಳು. ಮೂಗು ಎಳೆಗೆ ತಾಗುವಷ್ಟು ಬಗ್ಗಿದಳು. ಹಾಸಿನ ತುದಿಯ ಮೇಲೆ ಬೆರಳಾಡಿಸಿದಳು. “ಕೆಂಪು ಕಾಣ್ತದ,” ಎಂದಳು. ಆಮೇಲೆ, “ಕುಣಿಕಿ ಬೆರಳಿಗೆ ಸಿಗ್ತದ. ಇದೇನಿದು?”

“ಇದ ನೋಡ್ರಿ ನಮ್ಮ ಕೊಂಡಿ.”

“ಬ್ಯಾಟರಿ,” ಎಂದಳು ಆಯಿ. ನಮ್ಮ ಕಡೆ ಕೈದೀಪಕ್ಕೆ ಬ್ಯಾಟರಿ ಎಂದೇ ಹೆಸರು. “ಅಷ್ಟ ಐತಿ. ಬ್ಯಾಟರಿ ಅಂತ ಹೇಳಾಕ ಇಷ್ಟ ದಿನ ಏನಾಗಿತ್ತು ನಿಮಗ?”

ಅವನು ನಕ್ಕ ನಗೆಗೆ ದೀಪ ಗೋಡೆಯ ತುಂಬ ಕುಣಿಯಿತು. “ನೆಟ್ಟಗ ಹಿಡಿ,” ಎಂದು ಬೈದಳು. ನನ್ನನ್ನು ಎದುರಿಗೆ ಕೂರಿಸಿದಳು. ನಾನು ಒಡಲಿನ ಎಳೆಯ ಕುಣಿಕೆ ಬಿಡಿಸಿ ಕೊಡುವುದು, ಅವಳು ಕೆಂಪೆಳೆ ತೂರಿಸಿ ಬೆರಳಲ್ಲೇ ಒತ್ತಿ ನೋಡುವುದು. ಮೊದಲಿಗೆ ತಡವರಿಸಿದಳು. ಒಂದಂಗುಲ ಸಾಗಿದ ಮೇಲೆ ಬೆರಳಿಗೆ ತನ್ನ ಕೆಲಸ ನೆನಪಾಯಿತು. ಹುಡುಗನ ತೋಳು ನೋಯತೊಡಗಿ ಫೋನು ಕೈಯಿಂದ ಕೈಗೆ ಬದಲಾಗುವಾಗ ಎಲ್ಲೋ ಒತ್ತಿ, ಒಳಗಿನ ಹೆಣ್ಣುದನಿ ಎಚ್ಚರವಾಯಿತು. “ನಮಸ್ಕಾರ, ನಾನು ಕೊಂಡಿ. ನಿಮಗೆ ಹೇಗೆ ಸಹಾಯ ಮಾಡಲಿ?”

“ಎಳಿ ಹಿಡಿ ಬಾ,” ಎಂದಳು ಆಯಿ, ತಲೆ ಎತ್ತದೆ.

“ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ.”

“ಹಂಗಾರ ಸುಮ್ನ ಬೆಳಕ ಹಿಡಿ.”

ಅವ್ವ ತಂದ ಚಹಾ ಆರಿಹೋಗಿ, ಅವಳು ಅದನ್ನು ಮತ್ತೆ ಕಾಯಿಸಿದಳು. ಅಪ್ಪ ಬಾಗಿಲು ಮುಚ್ಚಲು ಹೋದಾಗ, “ತಗದ ಇರ್ಲಿ, ಬರೋರು ಬಂದು ನೋಡ್ಲಿ,” ಎಂದಳು ಆಯಿ. ಕಾಕು ಬಂದಳು, ಓಣಿಯ ಮತ್ತೆ ಕೆಲವರು ಬಂದು ಹಣೆಗೆ ಬೂದಿ ಬಳಿದುಕೊಂಡ ಎತ್ತರದ ವರನನ್ನು ನೋಡಿಕೊಂಡು ಹೋದರು. ಆಯಿ ಬಾಯಿಬಿಟ್ಟು ಹೂಂ ಅನ್ನಲಿ ಎಂದು ಯಾರೂ ಕಾಯಲಿಲ್ಲ, ಕೆಂಪು ಸೆರಗು ಒಡಲಿಗೆ ಕೂಡಿದ ಮೇಲೆ ಕೇಳುವುದೇನಿತ್ತು.

ಲಗ್ನದ ದಿನ ಆ ಸೀರೆಯ ಸೆರಗು ಕೂಡುವಲ್ಲಿ ಒಂದಂಗುಲ ಸೊಟ್ಟಗಿತ್ತು. ಅದು ಆಯಿಯ ಬೆರಳು ಮೊದಲಿಗೆ ತಡವರಿಸಿದ ಜಾಗ. ನಾನು ಅದನ್ನೇ ಮುಂದೆ ಮಾಡಿಕೊಂಡು ಕೂತಿದ್ದೆ. ಅಷ್ಟೊತ್ತಿಗೆ ಕಂಪನಿ ಮತ್ತೆ ಏನೋ ಹೆಸರು ಬದಲಿಸಿತ್ತು, ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಇವನ ಮನೆಯವರೆಲ್ಲ ಕೇಳಿದವರಿಗೆ ಸುಮ್ಮನೆ ನಗುತ್ತಿದ್ದರು. ದೂರದ ಸಂಬಂಧಿಯೊಬ್ಬರು ಆಯಿಯ ಪಕ್ಕ ಕೂತು, “ವರ ಏನ್ ಮಾಡ್ತಾನವಾ?” ಎಂದು ವಿಚಾರಿಸಿದರು.

ಆಯಿ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು. “ನಾ ಕೊಂಡಿ ಹಾಕುವಾಗ ಬ್ಯಾಟರಿ ಹಿಡೀತಾನ.”